ಬಿಳಿ ಎಕ್ಕದ ಬೇರು

ನನ್ನ ಮೈದುನ ಉಚ್ಚೆಂಗಪ್ಪನಿಗೆ ದೇವರು ತಲೆ ಕೊಟ್ಟಿದ್ದೇ ಕಂಡವರಿಂದ ಟೋಪಿ ಹಾಕಿಸಿಕೊಳ್ಳಲಿಕ್ಕೆ. ಯಶವಂತನಗರದಲ್ಲಿ ನಮ್ಮ ಪಕ್ಕದ ಮನೆ ಅವನದು. ನಾನು ಹಿತ್ತಲಲ್ಲಿ ಬಿಳಿ ಎಕ್ಕ ನೆಟ್ಟಾಗ ಓಣಿಗೆಲ್ಲ ಕೇಳುವ ಹಾಗೆ ನಕ್ಕಿದ್ದ. ಪಾಳು ಜಾಗದ ಗಿಡವನ್ನು ಯಾರಾದರೂ ಮನೆಯಲ್ಲಿ ಬೆಳೆಸುತ್ತಾರೆಯೇ, ಇನ್ನು ಈ ಮನೆ ಎಕ್ಕುಟ್ಟಿಹೋಯಿತು ಅಂದ.

ಹೋದರೆ ಹೋಗಲಿ ಅಂತ ಬೆಳೆಸಿದೆ. ಅದಿರಿನ ಲಾರಿಗಳ ಕೆಂಪು ಧೂಳಿಗೆ ನನ್ನ ಮಲ್ಲಿಗೆ, ದಾಸವಾಳ ಎಲ್ಲ ಸತ್ತಿದ್ದವು. ಎಕ್ಕ ಮಾತ್ರ ಜಗ್ಗಲಿಲ್ಲ. ನೀರು ಕೇಳಲಿಲ್ಲ, ಗೊಬ್ಬರ ಕೇಳಲಿಲ್ಲ, ನನ್ನ ತಲೆಗಿಂತ ಎತ್ತರ ಹೋಯಿತು. ವರ್ಷವಿಡೀ ಗೊಂಚಲು ಗೊಂಚಲು ಹೂ. ಶನಿವಾರ ಹನುಮಪ್ಪನಿಗೆ ಮಾಲೆ ಪೋಣಿಸುತ್ತ ಕೂತರೆ ಮನೆಯ ಗಂಡಸರ ಮಾತು ಕಿವಿಗೆ ಬೀಳುತ್ತಿರಲಿಲ್ಲ. ನನಗೆ ಇದ್ದ ಸುಖ ಅದೊಂದೇ.

ಹೋದ ವರ್ಷ ಮೈದುನನ ಲಾರಿಗೆ ಬಾಡಿಗೆ ಸಿಗದಾಯಿತು. ತೋರಣಗಲ್ಲಿನಲ್ಲಿ ಶಾಸ್ತ್ರ ಹೇಳುವವನೊಬ್ಬ, ಮನೆಯಲ್ಲಿ ಬಲಿತ ಬಿಳಿ ಎಕ್ಕದ ಬೇರಿನಲ್ಲಿ ಗಣಪತಿ ತಾನಾಗಿ ಮೂಡಿರುತ್ತಾನೆ, ತಂದು ಪೂಜೆ ಮಾಡು ಅಂದನಂತೆ. ಅಂದಿನಿಂದ ಅದೇ ಪಾಳು ಗಿಡಕ್ಕೆ ಕೈಮುಗಿಯತೊಡಗಿದ. ಬೇರು ಕೇಳಿದ. ಪ್ರಾಣ ಹೋದರೂ ಕೊಡೋದಿಲ್ಲ ಅಂದೆ. ಹೋಗಿ ನನ್ನ ಗಂಡ ಹಂಪಯ್ಯನನ್ನು ಕೇಳಿದ. ತಮ್ಮನ ಮುಂದೆ ತಲೆಯಾಡಿಸುವುದೊಂದೇ ಆ ಮಹಾನುಭಾವನಿಗೆ ಬರುವ ವಿದ್ಯೆ. ಆಡಿಸಿದ.

ನಾನು ಸಂಡೂರಿನ ಸಂತೆಗೆ ಹೋಗಿ ಬರುವಷ್ಟರಲ್ಲಿ ಹಿತ್ತಲು ಬೋಳು. ಹಾರೆ ಹಾಕಿ ಬುಡಸಮೇತ ಎಬ್ಬಿಸಿದ್ದ. ಗಿಡ ಬೇಲಿಗೆ ಅಡ್ಡ ಬಿದ್ದು, ಮುರಿದ ಕಡೆಯೆಲ್ಲ ಹಾಲು ಸುರಿಸುತ್ತಿತ್ತು. ಅವತ್ತು ಒಲೆ ಹಚ್ಚಲಿಲ್ಲ. ಯಾಕೆ ಅಂತ ನನ್ನ ಗಂಡ ಕೇಳಲೂ ಇಲ್ಲ, ಹೋಟೆಲಿನಿಂದ ಇಡ್ಲಿ ತಂದು ತಿಂದ.

ಬೇರಿನಲ್ಲಿ ಗಣಪತಿ ಎಲ್ಲಿಂದ ಬರಬೇಕು? ಸೊಟ್ಟ ಬೇರು, ಅಷ್ಟೇ. ಮೈದುನನೇ ಚಾಕುವಿನಿಂದ ಹೊಟ್ಟೆ ಕೆತ್ತಿದ, ಹಾರೆಯ ಏಟಿಗೆ ಮುರಿದಿದ್ದ ತುಂಡಿಗೆ ಗೋಂದು ಹಚ್ಚಿ ಸೊಂಡಿಲು ಅಂಟಿಸಿದ, ಕುಂಕುಮ ಬಳಿದು ಗಾಜಿನ ಪೆಟ್ಟಿಗೆಯಲ್ಲಿ ಕೂಡಿಸಿದ. ತಾನಾಗಿ ಮೂಡಿದ್ದು ಅಂತ ಬಂದವರಿಗೆಲ್ಲ ತೋರಿಸಿದ. ಅವರೂ ಕೆನ್ನೆ ಬಡಿದುಕೊಂಡರು, ಎಂಥಾ ಜನವೋ.

ಮರುವಾರ ಬುಟ್ಟಿ ಹಿಡಿದು ನಮ್ಮ ಹಿತ್ತಲ ಬಾಗಿಲಿಗೆ ಬಂದ.

"ಅತ್ಗಿ, ಗಣಪ್ಪಗ ದಿನಾ ಎಕ್ಕದ ಹೂವಿನ ಮಾಲಿನ ಹಾಕ್ಬೇಕಂತ. ಒಂದ್ ಬೊಗಸಿ ಹೂ ಕೊಡ್ರಿ."

ಅವನ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ತಾನೇ ತೋಡಿದ ಕುಣಿಯ ಪಕ್ಕ ನಿಂತು ಕೇಳುತ್ತಿದ್ದ.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನನ್ನ ಗಂಡನ ದನಿ ಬಂತು.

"ಕೊಟ್ ಕಳ್ಸು. ಗಿಡದಾಗ ಬೇಕಾದಷ್ಟ್ ಅದಾವಲ್ಲ."