ಹುಲಿಗೆವ್ವನ ಗಾಡಿ ಘಾಟ್ ಇಳಿದದ್ದು

ಗಾಡಿ ಕೊಂಡದ್ದೇನೋ ಆಯಿತು. ಅದನ್ನು ಮನೆ ಮುಟ್ಟಿಸುವುದೇ ಈಗ ದೊಡ್ಡ ಮಾತಾಗಿತ್ತು.

ಗೋವಾದ ವಾಸ್ಕೋ ಊರಿನ ಸಡಾ ಓಣಿಯಲ್ಲಿರುವ ಹುಲಿಗೆವ್ವ ಮತ್ತು ಅವಳ ಗಂಡ ಯಮನೂರ ಧಾರವಾಡದ ಹತ್ತಿರ ಒಂದು ಹಳೆಯ ಸಣ್ಣ ಟ್ರಕ್ಕು ಕೊಂಡಿದ್ದರು. ಹದಿನೆಂಟು ವರ್ಷ ಬಂದರಿನಲ್ಲಿ ಮಂದಿಯ ಲಾರಿಗೆ ಮಾಲು ಹೇರಿದ ಯಮನೂರನಿಗೆ ಇದೇ ಸ್ವಂತದ ಮೊದಲ ಗಾಡಿ. ಇಂಜಿನ್ ಗಟ್ಟಿಯಿತ್ತು, ಬ್ರೇಕಿನ ಕೆಲಸ ಬಾಕಿಯಿತ್ತು. ಅದನ್ನು ವಾಸ್ಕೋದ ಪರಿಚಯದ ಮೆಕ್ಯಾನಿಕ್ಕೇ ಮಾಡಲಿ ಎಂದುಕೊಂಡಿದ್ದರು. ಬ್ರೇಕ್ ಸರಿಯಿಲ್ಲದ ಗಾಡಿಯನ್ನು ಗೋವಾಕ್ಕೆ ಇಳಿಯುವ ಅನಮೋಡ ಘಾಟಿನಲ್ಲಿ ಓಡಿಸುವ ಹುಚ್ಚು, ಪುಣ್ಯಕ್ಕೆ, ಯಾರಿಗೂ ಇರಲಿಲ್ಲ. ಸಡಾದಲ್ಲಿ ಅವರ ಪಕ್ಕದ ಮನೆಯವನಾದ ಮಲಿಕಸಾಬ ತನ್ನ ಲಾರಿಗೆ ಟ್ರೇಲರ್ ಜೋಡಿಸಿಕೊಂಡು ಅವರ ಜೊತೆ ಧಾರವಾಡಕ್ಕೆ ಬಂದಿದ್ದ.

ಟ್ರಕ್ಕು ಟ್ರೇಲರ್ ಮೇಲೇರಿತು. ಅಷ್ಟರಲ್ಲಿ ಹುಲಿಗೆವ್ವ ಹಸಿರು ಸೀರೆಯುಟ್ಟು, ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ ತುಂಬಿಕೊಂಡು, ಎಂಟು ವರ್ಷದ ಮಗಳು ಶ್ವೇತಾಳ ಕೈಹಿಡಿದು ಬಂದಳು. ನೇರ ಟ್ರೇಲರ್ ಹತ್ತಲು ಹೋದಳು.

"ಎಲ್ಲಿಗೆ ತಂಗೆವ್ವಾ?" ಎಂದ ಮಲಿಕಸಾಬ.

"ಹೊಸಾ ಗಾಡಿ ಖಾಲಿ ಮನಿಗೆ ಬರಬಾರ್ದು ಅಣ್ಣಾ. ಮನಿ ಹೆಣ್ಮಗಳು ಉಡಿ ತುಂಬಿಸ್ಕೊಂಡು ಅದರಾಗ ಕುಂತು ಬರಬೇಕು. ನಮ್ಮಪ್ಪ ಚಕ್ಕಡಿ ತಂದಾಗ ನಮ್ಮವ್ವ ಹಂಗ ಬಂದಿದ್ಲು."

"ಚಕ್ಕಡಿ ತನ್ನ ಗಾಲಿ ಮ್ಯಾಲೆ ಬಂತು. ಇದು ಇನ್ನೊಂದರ ಬೆನ್ನ ಮ್ಯಾಲೆ ಬರಾಕತ್ತೈತಿ. ಟ್ರೇಲರ್ ಮ್ಯಾಲಿನ ಗಾಡ್ಯಾಗ ಮನಷ್ಯಾರು ಕುಂಡ್ರಂಗಿಲ್ಲ. ಕಾಯ್ದೆನೂ ಒಪ್ಪಂಗಿಲ್ಲ, ನಾನೂ ಒಪ್ಪಂಗಿಲ್ಲ. ಬ್ರೇಕ್ ರಿಪೇರಿ ಆದ ಮ್ಯಾಲೆ ಆರಾಮ ಕುಂತು ಮನಿಗೆ ಬಾ."

ಯಮನೂರನಿಗೆ ಇದು ಹಗ್ಗ ಬಿಗಿಯುವ ತನ್ನ ಕೈಚಳಕಕ್ಕೇ ಬಿದ್ದ ಪೆಟ್ಟಿನಂತೆ ಕಂಡಿತು. ಹೆಗಲ ಮೇಲಿನ ನೈಲಾನ್ ಹಗ್ಗ ತೆಗೆದ.

"ಮಲಿಕಣ್ಣಾ, ನಾ ಹಗ್ಗ ಬಿಗದ್ರ ಆನಿನೂ ಅಲುಗಾಡಂಗಿಲ್ರಿ. ಹದಿನೆಂಟು ವರ್ಷ ಇದ ಮಾಡೇನಿ."

"ಚೀಲ ಕಟ್ಟೀದಿ ತಮ್ಮಾ. ಚೀಲಕ್ಕ ಗಾಲಿ ಇರ್ತಾವೇನು?"

ಸುತ್ತಲಿದ್ದವರು ನಕ್ಕರು. ಯಮನೂರ ಮುಖ ಊದಿಸಿಕೊಂಡ. ಮಲಿಕಸಾಬ ಮಾತ್ರ ಕೆಲಸ ನಿಲ್ಲಿಸಲಿಲ್ಲ. ಟ್ರಕ್ಕಿನ ಭಾರವಾದ ಮುಂಭಾಗ ಟ್ರೇಲರಿನ ಮುಂದಕ್ಕೇ ಇರುವಂತೆ ನಿಲ್ಲಿಸಿದ. ಹಿಂದೆ ಭಾರ ಹೆಚ್ಚಾದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ ಎಂದ. ಗೇರಿನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆದ, ಅದನ್ನೂ ನಂಬದೆ ಗಾಲಿಗಳ ಹಿಂದೆ ಮುಂದೆ ಮರದ ತುಂಡು ಬಡಿದ. ಭಾರ ಹೊರುವ ಅಗಲ ಬೆಲ್ಟು ನಾಲ್ಕು ತಂದಿದ್ದ. ಒಂದೊಂದನ್ನೂ ಒಂದೊಂದು ಮೂಲೆಗೆ, ಬಂಪರಿಗಲ್ಲ, ಗಾಡಿಯ ತಳದ ಕಬ್ಬಿಣದ ಚೌಕಟ್ಟಾದ ಚಾಸಿಗೆ ಹಾಕಿ ಬಿಗಿದ. ಟ್ರೇಲರಿನ ಹಿಂದಿನ ದೀಪ ಹತ್ತುತ್ತವೋ ಇಲ್ಲವೋ ನೋಡಿದ.

"ನಂದೊಂದು ಹಗ್ಗಾನೂ ಇರಲಿ," ಎಂದ ಯಮನೂರ, ಬಿಡದೆ.

"ಕಟ್ಟಪಾ. ಬೆಲ್ಟಿನ ಜೋಡಿ ಕಟ್ಟು, ಬೆಲ್ಟಿನ ಬದ್ಲಿ ಅಲ್ಲ."

ಹುಲಿಗೆವ್ವ ಲಾರಿಯ ಕ್ಯಾಬಿನ್ನಿನಲ್ಲಿ ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಕೂತಳು. ದಾರಿಯುದ್ದಕ್ಕೂ ತುಟಿ ಎರಡು ಮಾಡಲಿಲ್ಲ. ಇಷ್ಟು ವರ್ಷಕ್ಕೆ ಒಂದು ಗಾಡಿ ಆಗಿದೆ, ಅದನ್ನೂ ಖಾಲಿ ತರುವ ಹಣೆಬರಹವೇ ಎಂದು ಅವಳಿಗೆ ಅಳು ಬರುವಂತಾಗಿತ್ತು. ಮಲಿಕಸಾಬ ಹೊರಟ ಸ್ವಲ್ಪ ಹೊತ್ತಿಗೇ ಒಮ್ಮೆ ನಿಲ್ಲಿಸಿ ಬೆಲ್ಟು ಮುಟ್ಟಿ ನೋಡಿದ. ಘಾಟು ಶುರುವಾಗುವ ಮುನ್ನ ಅನಮೋಡದಲ್ಲಿ ಮತ್ತೆ ಲಾರಿಯಿಂದ ಇಳಿದ. ಒಂದು ಬೆಲ್ಟು ತುಸು ಸಡಿಲಾಗಿತ್ತು, ಬಿಗಿ ಮಾಡಿದ. "ಎಷ್ಟು ಅಂಜ್ತಾರಪಾ ಇವ್ರು!" ಎಂದು ಯಮನೂರ ಹೆಂಡತಿಯ ಕಿವಿಯಲ್ಲಿ ಗೊಣಗಿದ.

ಘಾಟಿನಲ್ಲಿ ಲಾರಿ ಸಣ್ಣ ಗೇರಿನಲ್ಲಿ ನಿಧಾನ ಇಳಿಯತೊಡಗಿತು. ಒಂದು ತಿರುವಿನಲ್ಲಿ ಮುಂದಿದ್ದ ಬಸ್ಸು ಗಕ್ಕನೆ ನಿಂತುಬಿಟ್ಟಿತು. ಮಲಿಕಸಾಬ ಬ್ರೇಕ್ ಒತ್ತಿದ. ಹಿಂದಿನಿಂದ ಫಟ್ ಎಂದು ಸದ್ದಾಯಿತು. ಹುಲಿಗೆವ್ವ ಶ್ವೇತಾಳನ್ನು ಬಿಗಿಯಾಗಿ ಅಪ್ಪಿಕೊಂಡಳು.

ಅಗಲ ಜಾಗ ನೋಡಿ ಲಾರಿ ನಿಲ್ಲಿಸಿ ಎಲ್ಲರೂ ಇಳಿದರು. ಯಮನೂರನ ಹಗ್ಗ ಚಾಸಿಯ ಕಬ್ಬಿಣದ ಅಂಚಿಗೆ ತಿಕ್ಕಿ ತಿಕ್ಕಿ ಹರಿದು ಜೋತುಬಿದ್ದಿತ್ತು. ನಾಲ್ಕೂ ಬೆಲ್ಟು ಬಿಗಿಯಾಗಿಯೇ ಇದ್ದವು. ಟ್ರಕ್ಕು ಗೇಣುದ್ದವೂ ಸರಿದಿರಲಿಲ್ಲ.

ಯಮನೂರ ಹರಿದ ಹಗ್ಗ ಕೈಯಲ್ಲಿ ಹಿಡಿದು ನಿಂತ. ಬರೀ ಹಗ್ಗವನ್ನೇ ನಂಬಿದ್ದರೆ ಗಾಡಿ ಎಲ್ಲಿರುತ್ತಿತ್ತು, ಅದರೊಳಗೆ ಯಾರಿರುತ್ತಿದ್ದರು ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಲಿಗೆವ್ವ ರಸ್ತೆ ಪಕ್ಕದ ಆಳವಾದ ತೆಗ್ಗಿನ ಕಡೆ ಒಮ್ಮೆ ನೋಡಿದಳು, ಮತ್ತೆ ನೋಡಲಿಲ್ಲ.

ಘಾಟಿನ ಬುಡದ ಮೊಲೆಂ ಊರು ಮುಟ್ಟಿ ಚಹಾದಂಗಡಿಯಲ್ಲಿ ಕೂತಾಗ ಅವಳಿಗೆ ಮಾತು ಬಂತು.

"ಅಣ್ಣಾ, ಸಿಟ್ಟಿಲೆ ನಾ ನಿಮ್ಮ ಕೂಡ ಮಾತಾಡ್ಲಿಲ್ರಿ. ನೀವು ಬ್ಯಾಡ ಅಂದಿದ್ದಕ್ಕ ನನ್ನ ಮಗಳು ಇಲ್ಲಿ ಕುಂತು ಬಿಸ್ಕೀಟ ತಿನ್ನಾಕತ್ತಾಳ. ನಿಮ್ಮ ಋಣ ನಾ ಹೆಂಗ ತೀರಿಸ್ಲಿ?"

"ನನಗೂ ಲಾರಿ ಕಲಿಸಿದ ಉಸ್ತಾದ ಒಬ್ಬಾಂವ ಹಿಂಗ ಬ್ಯಾಡ ಅಂದಿದ್ದ ತಂಗೆವ್ವಾ. ನೀವು ಮತ್ತೊಬ್ರಿಗೆ ಅನ್ರಿ, ತೀರ್ತು."

ಯಮನೂರ ಮಲಿಕಸಾಬನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿದ್ದವು. "ಮಲಿಕಣ್ಣಾ, ಆ ಬೆಲ್ಟ್ ಬಿಗಿಯೋದು ನನಗೂ ಕಲಿಸ್ರಿ," ಎಂದ.

ಗಾಡಿ ವಾಸ್ಕೋದ ಗ್ಯಾರೇಜಿನಲ್ಲಿ ಇಳಿಯಿತು. ಬ್ರೇಕು ರಿಪೇರಿಯಾದ ದಿನ ಹುಲಿಗೆವ್ವ ಉಡಿ ತುಂಬಿಸಿಕೊಂಡು ಅದರಲ್ಲೇ ಕೂತು ಸಡಾದ ಏರು ಹತ್ತಿ ಮನೆಗೆ ಬಂದಳು. ಶಾಸ್ತ್ರವೂ ಉಳಿಯಿತು, ಜೀವವೂ ಉಳಿಯಿತು. ಈಗ ಓಣಿಯಲ್ಲಿ ಯಾರೇ ಗಾಡಿ ತರಲು ಹೊರಡಲಿ, ಯಮನೂರ ಕರೆಯದಿದ್ದರೂ ಹೋಗಿ, "ಹಗ್ಗದ ಮಾತು ನನ್ನ ಕೇಳ್ರಿ," ಎನ್ನುತ್ತಾನೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಬೆವರು ಸುರಿಸಿ ಕೊಂಡ ಗಾಡಿ ನಿಮ್ಮದು, ಸಂತೋಷವಾಗಿ ತನ್ನಿ. ಟ್ರೇಲರ್ ಮೇಲೆ ತರುವುದಾದರೆ ನಾಲ್ಕೂ ಮೂಲೆಗೆ ಒಳ್ಳೆಯ ಬೆಲ್ಟು ಬಿಗಿಸಿ, ಗಾಲಿಗೆ ಅಡ್ಡ ಕೊಡಿ, ದಾರಿಯಲ್ಲಿ ಇಳಿದಿಳಿದು ನೋಡಿ, ಘಾಟಿನಲ್ಲಿ ಅವಸರ ಬೇಡ. ಟ್ರೇಲರ್ ಮೇಲಿನ ಗಾಡಿಯೊಳಗೆ ಯಾರನ್ನೂ, ಅರ್ಧ ಕಿಲೋಮೀಟರಿಗೂ, ಕೂಡಿಸಬೇಡಿ. ನಿಮ್ಮ ಡ್ರೈವರ್ ಬೇಡ ಎಂದರೆ ಮುನಿಸಿಕೊಳ್ಳಬೇಡಿ, ಅವನಿಗೊಂದು ಚಹಾ ಕುಡಿಸಿ.