ಸಾಹುಕಾರರ ಸೊಂಟಕ್ಕೆ ಮೂರು ಒದೆ

ಬೆನ್ನು ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅದು ಹಾಸಿಗೆಯಲ್ಲವೇ ಎಂದು ನೀವು ಕೇಳುತ್ತೀರಿ. ಹಾಸಿಗೆಯ ಮೇಲೆ ಕಾಲು ಚಾಚಿದವರ ಕಥೆ ಯಾರಿಗೆ ಬೇಕು? ಬೆನ್ನಿನ ಮೇಲೆ ಚಾಚಿದವನದೊಂದು ಇದೆ, ಎಳ್ಳಷ್ಟೂ ಸುಳ್ಳು ಸೇರಿಸದೆ ಹೇಳುತ್ತೇನೆ. ಅನುಮಾನವಿದ್ದರೆ ಕೊಪ್ಪದಿಂದ ಎಡೇಹಳ್ಳಿಯವರೆಗೆ ಯಾರನ್ನಾದರೂ ಕೇಳಿ. ಎಡೇಹಳ್ಳಿ ಅಂದರೆ ನರಸಿಂಹರಾಜಪುರವೇ. ಸರ್ಕಾರ ಬೋರ್ಡು ಬದಲಾಯಿಸಿತು, ಜನರ ನಾಲಿಗೆ ಬದಲಾಯಿಸಲು ಅದರ ಕೈಲಾಗಲಿಲ್ಲ.

ಯುದ್ಧದ ಕಾಲ. ಬಸ್ಸುಗಳು ಪೆಟ್ರೋಲು ಬಿಟ್ಟು ಇದ್ದಿಲು ತಿನ್ನುತ್ತಿದ್ದವು. ಎಡೇಹಳ್ಳಿಯ ಅಡಿಕೆ ಮಂಡಿಯ ಸಾಹುಕಾರ ವೃಷಭೇಂದ್ರಪ್ಪನವರಿಗೆ ಐವತ್ತು ದಾಟಿತ್ತು, ಹೆಂಡತಿ ತೀರಿಕೊಂಡು ವರ್ಷವಾಗಿತ್ತು, ಬಾಳೆಹೊನ್ನೂರಿನ ನೀಲಾಂಬಿಕೆ ಎಂಬ ಹದಿನೆಂಟರ ಹುಡುಗಿಯ ಮೇಲೆ ಮನಸ್ಸಾಗಿತ್ತು. ತಮಗೆ ನಲವತ್ತು ಎಂದು ಹೇಳಿ ಕಳಿಸಿದ್ದರು. ಹುಡುಗಿಯ ತಂದೆ ಕಿವುಡನೇನಲ್ಲ, ಊರವರ ಮಾತು ಅವನಿಗೂ ಮುಟ್ಟಿತ್ತು. “ಸೋಮವಾರ ಬಂದು ನೋಡ್ತೀವಿ. ವರ ಬಾಗಿಲಲ್ಲಿ ನೆಟ್ಟಗೆ ನಿಂತು ಒಳಗೆ ಕರೆದರೆ ತಾಂಬೂಲ ಬದಲಾಯಿಸೋಣ, ಇಲ್ಲದಿದ್ದರೆ ಬಂದ ಬಸ್ಸಿಗೇ ವಾಪಸು” ಎಂದು ಹೇಳಿ ಕಳಿಸಿದ.

ನೆಟ್ಟಗೆ ನಿಲ್ಲುವುದೇನು ಮಹಾ ಎಂದು ಸಾಹುಕಾರರು ಗುರುವಾರ ಬೆಳಿಗ್ಗೆ ಹಮಾಲಿಗಳೆದುರು ತಮ್ಮ ಪ್ರಾಯ ತೋರಿಸಲು ಒಂದು ಅಡಿಕೆ ಮೂಟೆ ಎತ್ತಿದರು. ಸೊಂಟದಲ್ಲಿ ಲಟಕ್ ಎಂದಿತು. ಎತ್ತಿದ ಮೂಟೆ ಕೆಳಗೆ ಬಂತು, ಬಗ್ಗಿದ ಸಾಹುಕಾರರು ಮೇಲೆ ಬರಲಿಲ್ಲ. ಕೊಡೆಯ ಹಿಡಿಯ ಹಾಗೆ ಬಾಗಿಯೇ ನಿಂತರು.

ಮಾಲೀಕರಿಗೆ ಮಾಲೀಸು ಶುರುವಾಯಿತು. ಮೊದಲು ಬಂದವಳು ಊರ ಸೂಲಗಿತ್ತಿ ಅನ್ನಮ್ಮ. ಬಾಣಂತಿಯರ ಸೊಂಟ ತಿಕ್ಕಿ ತಿಕ್ಕಿ ಅವಳ ಅಂಗೈ ಒನಕೆಯ ತುದಿಯಂತೆ ನುಣುಪಾಗಿತ್ತು. ಹರಳೆಣ್ಣೆ ಹಚ್ಚಿ, ಬಿಸಿ ಲಕ್ಕಿಸೊಪ್ಪಿನ ಗಂಟು ಒತ್ತಿ, “ಒಂದು ವಾರ ಅಲ್ಲಾಡಬ್ಯಾಡಿ ಸಾವ್ಕಾರ್ರೆ, ಎಲುಬು ಸಿಟ್ಟಾಗೈತೆ” ಅಂದಳು.

“ವಾರ ಅಂದ್ರೆ ನನ್ನ ಮದುವೆ ಮುಳುಗ್ತದೆ ಮಾರಾಯ್ತಿ!”

ಶುಕ್ರವಾರ ಶಿವಮೊಗ್ಗದ ಗರಡಿಯ ಉಸ್ತಾದರು ಬಂದು ಮೊಣಕೈ ಇಟ್ಟು ಒತ್ತಿದರು. ಸಾಹುಕಾರರ ಕೂಗಿಗೆ ಸ್ಟೇಷನ್ನಿನಲ್ಲಿದ್ದ ತರೀಕೆರೆ ರೈಲು ತನಗೇ ಸೀಟಿ ಕೊಟ್ಟರೆಂದು ಹೊರಟುಬಿಟ್ಟಿತಂತೆ. ಉಸ್ತಾದರು ಹೆದರಿ ಕೈ ತೆಗೆದರು. ಶನಿವಾರ ಶೃಂಗೇರಿ ಕಡೆಯಿಂದ ಒಬ್ಬ ಮಲೆಯಾಳಿ ಬಂದ. ತೊಲೆಗೆ ಹಗ್ಗ ಕಟ್ಟಿ ಅದನ್ನು ಹಿಡಿದು ನೇತಾಡುತ್ತ ಪಾದದಿಂದ ಮೈ ಉಜ್ಜುವವನು. ಅವನ ಶಾಸ್ತ್ರದಲ್ಲಿ ಅಂಗಾಲಿನಿಂದ ಆರಂಭ. ಸಾಹುಕಾರರಿಗೋ ಅಂಗಾಲಿನ ಹತ್ತಿರ ಗಾಳಿ ಸುಳಿದರೂ ಕಚಗುಳಿ. ಅವನು ಮುಟ್ಟಿದ್ದೇ ತಡ, ಹೆಣ್ಣುಮಕ್ಕಳ ಹಾಗೆ ಕಿಲಕಿಲ ಕಿರುಚಿ, ಕಾಲು ಝಾಡಿಸಿ, ಬಟ್ಟಲಿನ ಎಣ್ಣೆಯನ್ನು ಅವನ ಮುಖಕ್ಕೇ ಎರಚಿದರು. ಅವನು ಹಗ್ಗ ಬಿಚ್ಚಿಕೊಂಡು ಹೋದ. ಬಂದವರೆಲ್ಲ ‘ನೀವು, ನೀವು’ ಎಂದು ಮರ್ಯಾದೆಯಿಂದಲೇ ನೀವಿದ್ದರು. ಸೊಂಟ ಮಾತ್ರ ಜಗ್ಗಲಿಲ್ಲ.

ಈಗ ಷಡಕ್ಷರಿಯ ವಿಷಯ. ಸಾಹುಕಾರರ ಅಕ್ಕನ ಮಗ. ಮೈಸೂರಿನಲ್ಲಿ ಬಿ.ಎ. ಮಾಡಿ ಬಂದು ಮಾವನ ಮಂಡಿಯಲ್ಲಿ ನೊಣ ಹೊಡೆಯುತ್ತಿದ್ದ. ಅವನು ನಿಜವಾಗಿ ಕಲಿತದ್ದು ಪರರ ಗಂಟಲು ಕದಿಯುವ ವಿದ್ಯೆ. ಅಮಲ್ದಾರರ ಕೆಮ್ಮು, ಅನ್ನಮ್ಮನ ಗೊಗ್ಗರು ದನಿ, ಎಲ್ಲಕ್ಕಿಂತ ಸೊಗಸಾಗಿ ಮಾವನದು: ಮೂಗಿನಲ್ಲೊಂದು ಹೂಂಕಾರ, ಆಮೇಲೆ “ಏನಲೇ!” ಒಂದು ದಿನ ಮಾವ ಹಿಂದೆಯೇ ನಿಂತು ಕೇಳಿಸಿಕೊಂಡರು. ಹಮಾಲಿಗಳ ಮುಂದೆ ಕಿವಿ ಹಿಡಿಸಿ ಬಸ್ಕಿ ಹೊಡೆಸಿದರು. ಅಂದಿನಿಂದ ಬಿ.ಎ. ಅಂದರೆ ಬಸ್ಕಿ ಅಭ್ಯಾಸ ಎಂದು ಊರೇ ಆಡಿಕೊಂಡಿತು. ಷಡಕ್ಷರಿಯೂ ನಕ್ಕ. ಆದರೆ ಮರೆಯಲಿಲ್ಲ.

ನಮ್ಮ ಕಡೆ ಒಂದು ನಂಬಿಕೆ ಇದೆ. ಸೊಂಟ ಹಿಡಿದುಕೊಂಡರೆ, ತಾಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರ ಕೈಲಿ, ಅಲ್ಲ, ಕಾಲಲ್ಲಿ ಮೂರು ಸಲ ಒದೆಸಿಕೊಳ್ಳಬೇಕು. ಒದೆ ಎಂದರೆ ಒದೆಯಲ್ಲ, ಮೆಲ್ಲಗೆ ಪಾದ ತಾಗಿಸುವುದು. ಶನಿವಾರ ಸಂಜೆ ಸಾಹುಕಾರರು ಮೂಟೆಗಳ ಮೇಲೆ ಬೋರಲು ಬಿದ್ದುಕೊಂಡು ನರಳುತ್ತಿರುವಾಗ ತಲೆಯ ಹಿಂದೆ ಅನ್ನಮ್ಮನ ಗೊಗ್ಗರು ದನಿ ಕೇಳಿಸಿತು.

“ಅಲ್ಲಾ ಸಾವ್ಕಾರ್ರೆ, ನಿಮ್ಮ ಮಂಡಿಯಾಗೇ ಮದ್ದು ಇಟ್ಕಂಡು ಊರೂರು ಹುಡುಕ್ತೀರಲ್ಲ. ರೇಣುಕಪ್ಪನ ಕಾಲೇ ಮೊದ್ಲು ಬಂದಿದ್ದು. ಈ ಕೈಯಾಗೇ ಎಳ್ದೀನಿ.”

ಸಾಹುಕಾರರಿಗೆ ತಿರುಗಿ ನೋಡಲು ಆಗುವಂತಿರಲಿಲ್ಲ. ತಿರುಗಿದ್ದರೆ ಅನ್ನಮ್ಮನ ಜಾಗದಲ್ಲಿ ಅಳಿಯ ನಿಂತಿರುವುದು ಕಾಣುತ್ತಿತ್ತು.

ರೇಣುಕಪ್ಪ ಮಂಡಿಯ ಹಮಾಲಿ. ಎರಡು ಮಳೆಗಾಲದ ಹಿಂದೆ ಒಂದು ಮೂಟೆಯನ್ನು ಚರಂಡಿಗೆ ಬೀಳಿಸಿದ್ದಕ್ಕೆ ಸಾಹುಕಾರರು ಅವನನ್ನು ಜಗುಲಿಯಿಂದ ಒದ್ದು ಕೆಡವಿದ್ದರು. ಮುರಿದ ಎಡಗಾಲು ಸೊಟ್ಟಗೆ ಕೂಡಿಕೊಂಡಿತು. ಅಂದಿನಿಂದ ಅದನ್ನು ಎಳೆದುಕೊಂಡೇ ಮೂಟೆ ಹೊರುತ್ತಾನೆ. ಸಾಹುಕಾರರ ದನಿ ‘ಎತ್ತು’ ಎಂದರೆ ಎತ್ತುತ್ತಾನೆ, ‘ಇಳಿಸು’ ಎಂದರೆ ಇಳಿಸುತ್ತಾನೆ. ನಡುವೆ ಅವನ ಬಾಯಿಂದ ಒಂದು ಮಾತು ಕೇಳಿದವರಿಲ್ಲ. ಎಲ್ಲದಕ್ಕೂ ಕಾಲ ಬರಬೇಕು ಅನ್ನುತ್ತಾರೆ. ಇವನ ಪಾಲಿಗೆ ಕಾಲೇ ಬಂತು.

ಭಾನುವಾರ ಮಧ್ಯಾಹ್ನ. ಸುದ್ದಿ ತಿಳಿದು ಕಾಫಿ ಹೋಟೆಲಿನ ಗಿರಾಕಿಗಳೆಲ್ಲ ಮಂಡಿಯ ಬಾಗಿಲಿಗೆ ಬಂದಿದ್ದರು. ನಾನು ತಕ್ಕಡಿಯ ಪಕ್ಕ ಒಳ್ಳೆಯ ಜಾಗ ಹಿಡಿದಿದ್ದೆ. ಸಾಹುಕಾರರು ಕಂಬಳಿ ಹಾಸಿದ ಮೂಟೆಗಳ ಮೇಲೆ ಬೋರಲು ಮಲಗಿ, ಮುಖವನ್ನು ದಿಂಬಿಗೆ ಒತ್ತಿಕೊಂಡೇ ಅಪ್ಪಣೆ ಕೊಟ್ಟರು.

“ನೋಡ್ಲೇ ರೇಣುಕ, ಆ ಉಸ್ತಾದ ನಾನು ಕೂಗಿದ್ದಕ್ಕೆ ಬಿಟ್ಟ, ಅದಕ್ಕೇ ಗುಣ ಆಗ್ಲಿಲ್ಲ. ನಾನು ಸಾಕು ಅಂದ್ರೂ ಬಿಡಬ್ಯಾಡ, ಬೇಡ ಅಂದ್ರೂ ಬಿಡಬ್ಯಾಡ. ನಾಳೆ ನಾನು ನಿಲ್ಲಬೇಕು, ತಿಳೀತಾ?”

ರೇಣುಕಪ್ಪ ತಲೆಯಾಡಿಸಿದ. ಬಲಗಾಲನ್ನು ಮೆಲ್ಲಗೆ ಎತ್ತಿ, ದೇವರ ಪೀಠಕ್ಕೆ ತಗುಲಿತೇನೋ ಎಂಬ ಹಾಗೆ, ಸೊಂಟಕ್ಕೆ ತಾಗಿಸಿ ತೆಗೆದ. ಮತ್ತೆ ಒಮ್ಮೆ. ಇನ್ನೂ ಒಮ್ಮೆ. ಮೂರಾಯಿತು. ಹಿಂದೆ ಸರಿದ.

ಆಗ ಮೂಗಿನ ಹೂಂಕಾರವೊಂದು ಕೇಳಿಸಿತು. “ಏನಲೇ! ಇದು ಒದೆಯೇನೋ? ನೊಣ ಓಡಿಸ್ತೀಯಾ? ಒದಿ!”

ಮಾವನ ತಲೆಯ ಬಳಿ ಬಗ್ಗಿ ನಿಂತಿದ್ದ ಷಡಕ್ಷರಿಯ ತುಟಿ ಅಲುಗಿದ್ದು ನನಗೆ ಕಂಡಿತು. ರೇಣುಕಪ್ಪನಿಗೆ ಕೇಳಿಸಿದ್ದು ಅಪ್ಪಣೆ. ಒದ್ದ. “ಅಯ್ಯೋ ಶಿವನೇ! ಸಾಕೋ!” ಎಂದು ದಿಂಬಿನೊಳಗಿಂದ ಕೂಗು ಬಂತು. ಅದರ ಬೆನ್ನಿಗೇ ಅದೇ ದನಿ: “ಸಾಕು ಅಂದ್ರೆ ಬಿಡಬ್ಯಾಡ ಅಂದಿರ್ಲಿಲ್ವೇನೋ ಮುಂಡೇದೆ? ಜೋರಾಗಿ!”

“ಬ್ಯಾಡ್ವೋ, ಸಾಯ್ತೀನಿ!”

“ಇನ್ನೊಂದು!”

ಒಂದೇ ಗಂಟಲು ಅಳುತ್ತಿತ್ತು, ಅದೇ ಗಂಟಲು ಗದರುತ್ತಿತ್ತು. ಬಾಗಿಲಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದರು. ಹಮಾಲಿಗಳು ಟವೆಲು ಬಾಯಿಗೆ ತುರುಕಿಕೊಂಡರು. ರೇಣುಕಪ್ಪ ಒಂದು ಸಲ ಕಾಲು ಎತ್ತಿದವನು ಹಾಗೆಯೇ ತಡೆದು, ತಲೆಯೆತ್ತಿ ನೋಡಿದ. ಷಡಕ್ಷರಿಯ ಬಾಯಿ ತೆರೆದೇ ಇತ್ತು. ರೇಣುಕಪ್ಪ ಅದನ್ನು ನೋಡಿದ, ಚೆನ್ನಾಗಿಯೇ ನೋಡಿದ. ಆಮೇಲೆ ಎತ್ತಿದ ಕಾಲನ್ನು ಇಳಿಸಿ, ಗೋಡೆಗೆ ಕೈ ಕೊಟ್ಟು, ಬಲಗಾಲ ಮೇಲೆ ನಿಂತು, ಆ ಸೊಟ್ಟ ಎಡಗಾಲನ್ನು ಎತ್ತಿದ. ಈ ಸಲ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ.

ಲಟಕ್ ಎಂದಿತು. ಗುರುವಾರದ್ದಕ್ಕಿಂತ ದೊಡ್ಡದು.

ಕೂಗು ನಿಂತಿತು. ಆಮೇಲೆ ಸಾಹುಕಾರರು ದಿಂಬಿನಿಂದ ಮುಖ ಎತ್ತಿದರು. ಕಣ್ಣಲ್ಲಿ ನೀರು, ಬಾಯಲ್ಲಿ ಮೂವತ್ತೆರಡೂ ಹಲ್ಲು.

“ಹೋತು! ನೋವು ಹೋತು ಮಾರಾಯ! ಒಂಚೂರೂ ಇಲ್ಲ!”

ಜನ ಹೋ ಎಂದರು. ಅಷ್ಟರಲ್ಲಿ ಬಿಸಿ ಸೊಪ್ಪಿನ ಗಂಟು ಹಿಡಿದು ನಿಜವಾದ ಅನ್ನಮ್ಮ ಬಂದಳು. ಯಾರೋ ವಿಷಯ ಹೇಳಿದರು. ಅವಳು ಗಂಟು ಕೆಳಗಿಟ್ಟಳು.

“ಯಾವೋನು ಹೇಳಿದ್ದು? ರೇಣುಕಪ್ಪ ಎಲ್ಲರ ಹಂಗೆ ತಲೆ ಮುಂದಾಗೇ ಹುಟ್ಟಿದ್ದು. ನಾನು ಈ ಕಡೀಗೆ ಬಂದೇ ಮೂರು ದಿನ ಆತು!”

ಎಲ್ಲರ ಕಣ್ಣೂ ಷಡಕ್ಷರಿಯ ಮೇಲೆ. ಇನ್ನು ಬಚ್ಚಿಟ್ಟು ಫಲವಿಲ್ಲವೆಂದು ಅವನು ಕಿವಿ ಹಿಡಿದುಕೊಂಡು, ಮಾವನ ದನಿಯಲ್ಲಿ “ಏನಲೇ! ಇನ್ನೊಂದು!” ಎಂದು ಒಂದು ಬಸ್ಕಿ ಹೊಡೆದ. ಮಂಡಿಯ ಹೆಂಚು ಹಾರುವಂತೆ ನಗೆ ಎದ್ದಿತು. ಸಾಹುಕಾರರು ಒಂದು ಕ್ಷಣ ಕೆಂಪಗಾದವರು, ಅಷ್ಟರಲ್ಲೇ ಮೂಟೆಯನ್ನು ಗುದ್ದಿ ಗುದ್ದಿ ನಗತೊಡಗಿದರು.

“ಬಡ್ಡೀಮಗನೇ, ನಂಗೇ ನನ್ನ ದನಿಯಲ್ಲೇ ಒದೆಸಿದ್ಯಲ್ಲೋ! ಹೋಗ್ಲಿ ಬಿಡು. ಸುಳ್ಳು ಕಾಲೇ ಇಷ್ಟು ಗುಣ ಮಾಡ್ತಲ್ಲ! ಬರ್ಲಿ ನಾಳೆ ಬಾಳೆಹೊನ್ನೂರಿನೋರು! ತೆಂಗಿನ ಮರದ ಹಂಗೆ ನಿಂತ್ಕಂಡಿರ್ತೀನಿ!”

ಮಾವ ಕ್ಷಮಿಸಿದರೆಂದು ಷಡಕ್ಷರಿಗೆ ಇನ್ನಷ್ಟು ಹುರುಪು ಬಂತು. ನಗುವವರನ್ನು ಇನ್ನೂ ನಗಿಸೋಣವೆಂದು ಕಾಲ ಕಡೆಗೆ ಹೋಗಿ, ಬೆರಳಿನಿಂದ ಮಾವನ ಅಂಗಾಲು ಕೆರೆದ. ಮತ್ತೆ ಕೆರೆದ. ಉಗುರು ಊರಿ ಕೆರೆದ. ಅವನ ಮುಖದಿಂದ ನಗು ಇಳಿಯಿತು. ಅನ್ನಮ್ಮ ಬಂದು ಅವನ ಕೈ ಸರಿಸಿ, ಹಿಮ್ಮಡಿಯನ್ನು ಹಲ್ಲು ಕಚ್ಚಿ ಚಿವುಟಿದಳು. ಕಾಲು ಒಣಕಟ್ಟಿಗೆಯಂತೆ ಬಿದ್ದಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರೇಣುಕಪ್ಪ ಗೋಡೆಯಿಂದ ಕೈ ತೆಗೆದು, ಕಾಲೆಳೆಯುತ್ತ ಹೋಗಿ ಮೂಟೆಯೊಂದರ ಮೇಲೆ ಕೂತ.

ಬಾಗಿಲಲ್ಲಿದ್ದ ನಗೆ ಒಂದೊಂದಾಗಿ ಆರಿತು.

“ಯಾಕ್ರೋ ಸುಮ್ನಾದ್ರಿ? ನಗ್ರೋ!” ಎಂದು ಸಾಹುಕಾರರು ಮುಂದೆಯೇ ನೋಡುತ್ತ ಗದ್ದರಿಸಿದರು. “ಷಡಕ್ಷರೀ, ಎಲ್ಲಿ ಅಡಗಿದ್ಯೋ? ನಿಂಗೆ ಶಿಕ್ಷೆ ಇದೆ. ಬಂದು ನನ್ನ ಅಂಗಾಲು ಕೆರಿ, ನೋಡೋಣ. ಇವತ್ತು ಎಷ್ಟು ಕೆರೆದ್ರೂ ಒದಿಯಲ್ಲ ಮಾರಾಯ, ಆಣೆ!”

ಷಡಕ್ಷರಿ ಆಗಲೇ ಮತ್ತೆ ಕೆರೆಯುತ್ತಿದ್ದ. ಸಾಹುಕಾರರು ಅವನಿಗಾಗಿ ಕಾಯುತ್ತ, ಆಗಬೇಕಾದ ಕಚಗುಳಿಯನ್ನು ನೆನೆದು ನೆನೆದು, ಇಡೀ ಮಂಡಿಗೆ ಒಬ್ಬರೇ ಬಿದ್ದು ಬಿದ್ದು ನಗುತ್ತಿದ್ದರು.