ಮಮ್ ಸುಮ್ಮನಿರಬೇಕು

ಸೋಪಿನ ಗುಳ್ಳೆಯೊಂದು ಸಾನ್ವಿಯ ಮೂಗಿನ ತುದಿಗೆ ಬಂದು ಕೂತು ಪಟ್ಟನೆ ಒಡೆಯಿತು, ಮಗಳು ಕಣ್ಣು ಪಿಳಿಪಿಳಿ ಮಾಡಿದಳು, ಈಗ ಅಂದಾಳು, ಈಗ ಏನಾದರೂ ಅಂದೇ ಅಂದಾಳು ಎಂದು ಶ್ರೀಲತಾ ಮಕ್ಕಳ ಗಿಡ್ಡ ಕುರ್ಚಿಯ ಅಂಚಿಗೆ ಸರಿದಳು — ಇಲ್ಲ, ಅನ್ನಲಿಲ್ಲ, ತುಟಿ ಬಿಗಿದದ್ದು ಬಿಗಿದಂತೆಯೇ ಇದೆ, ಮೂಗನ್ನು ಅಂಗೈಯಿಂದ ಒರೆಸಿಕೊಂಡು ತಾಯಿಗೆ ಬೆನ್ನು ಹಾಕಿ ಕೂತುಬಿಟ್ಟಳು, ನೀಲಿ ಸ್ವೆಟರಿನ ಪುಟ್ಟ ಬೆನ್ನು, ಎಲ್ಲಿ ಹೋದರೂ ತನಗೆ ಕಾಣುವುದು ಇದೇ ಬೆನ್ನು, ಟೀವಿಯ ಮುಂದೆ, ಪಾರ್ಕಿನ ಮರಳಿನಲ್ಲಿ, ಬಸ್ಸಿನ ಕಿಟಕಿಯಲ್ಲಿ. ಆಸ್ಪತ್ರೆಯ ಹೆಲೆನ್ ಸೋಪುನೀರಿನ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಅದನ್ನು ಮಗಳ ಕೈಗೇ ಕೊಟ್ಟಳು, ಮಗಳಿಗೆ ತೆಗೆಯಲು ಬರುವುದಿಲ್ಲ, ಗುಳ್ಳೆ ಬೇಕಾದರೆ ಬಾಯಿ ಬಿಟ್ಟು ಕೇಳಬೇಕು, ಅದೇ ಆಟವಂತೆ, ಮಮ್ ಸುಮ್ಮನಿರಬೇಕು, ಸರಿನಾ ಮಮ್, ಕಾಯೋಣ ಎಂದು ನಕ್ಕಳು. ಈ ದೇಶದ ಆಸ್ಪತ್ರೆಗಳಲ್ಲಿ ತಾನು ಎಲ್ಲರಿಗೂ ಮಮ್, ಹೆಸರು ಹಿಡಿದು ಕರೆಯುವವರಿಲ್ಲ, ಇರಲಿ, ಕಾಯುವುದು ಹೇಗೆ, ಬೆರಳುಗಳು ಆ ಮುಚ್ಚಳಕ್ಕಾಗಿ ತುರಿಸುತ್ತಿವೆ, ಮನೆಯಲ್ಲಾದರೆ ಮಗಳು ಫ್ರಿಜ್ಜಿನ ಕಡೆ ಕಣ್ಣು ಹಾಯಿಸುವಷ್ಟರಲ್ಲಿ ಹಾಲಿನ ಲೋಟ ಕೈಯಲ್ಲಿ, ಸಾಕ್ಸಿನ ಕಡೆ ನೋಡಿದರೆ ಸಾಕ್ಸು ಕಾಲಲ್ಲಿ, ಕೇಳುವ ತಂಟೆಯೇ ಇಲ್ಲ. ಹಾಗೆ ಮಾಡಿದ್ದೇ ತಪ್ಪಾಯಿತೇ, ಇನ್ನೂ ಏನೇನು ತಪ್ಪು ಮಾಡಿದ್ದೇನೋ, ಮೇಲೆ ಹೀಥ್ರೂಗೆ ಇಳಿಯುವ ವಿಮಾನವೊಂದು ಗುಡುಗುತ್ತ ಹೋಯಿತು, ಸಾನ್ವಿ ತಲೆ ಎತ್ತಿ ಸೂರು ನೋಡಿದಳು, ಕಿವಿ ಚೆನ್ನಾಗಿಯೇ ಇದೆ, ಹೋದ ತಿಂಗಳು ಕಿವಿಯ ಪರೀಕ್ಷೆಯೂ ಆಯಿತು.

ಇವತ್ತಿನದೂ ಪರೀಕ್ಷೆಯೇ, ನೆಲದ ಮೇಲೆ ಮರದ ಹಸು, ಚಿತ್ರದ ಪುಸ್ತಕ, ಬಟ್ಟೆಯ ಚೀಲ ಎಲ್ಲ ಹರಡಿಟ್ಟು ಎಷ್ಟು ನಕ್ಕರೇನು, ಈ ಹೆಲೆನ್ ಸ್ಪೀಚ್ ಥೆರಪಿಸ್ಟು, ಅವಳು ಏನು ಬರೆದುಕೊಡುತ್ತಾಳೋ ಅದರ ಮೇಲೆಯೇ ಎಲ್ಲ ನಿಂತಿದೆ. ಯುಗಾದಿ ಹೊತ್ತಿಗೆ ಮಗಳಿಗೆ ಮೂರು ತುಂಬುತ್ತದೆ, ಸೆಪ್ಟೆಂಬರಿಗೆ ಮನೆಯ ಎದುರಿನ ನರ್ಸರಿಗೆ ಹೋಗುತ್ತಾಳೋ, ಇಲ್ಲ ಕೌನ್ಸಿಲ್ಲಿನ ಬಿಳಿ ವ್ಯಾನು ಬಂದು ದೂರದ ವಿಶೇಷ ಮಕ್ಕಳ ಶಾಲೆಗೆ ಕರೆದೊಯ್ಯುತ್ತದೋ — ಆ ವ್ಯಾನನ್ನು ಶ್ರೀಲತಾ ನೋಡಿದ್ದಾಳೆ, ಪಕ್ಕದ ರಸ್ತೆಯಲ್ಲಿ ದಿನಾ ನಿಲ್ಲುತ್ತದೆ, ಒಳಗಿನ ಮಕ್ಕಳು ಕಿಟಕಿಗೆ ಹಣೆ ಹಚ್ಚಿ ಕೂತಿರುತ್ತವೆ, ಚಂದದ ಮಕ್ಕಳೇ, ಅವಕ್ಕೇನಾಗಿದೆ, ಆದರೂ ನನ್ನ ಮಗಳು ಅದರಲ್ಲಿ ಬೇಡ ದೇವರೇ ಎನ್ನುತ್ತದೆ ಜೀವ, ಹಾಗೆನ್ನುವುದಕ್ಕೆ ನಾಚಿಕೆಯೂ ಆಗುತ್ತದೆ. ಬೆಳಿಗ್ಗೆ ಗೋದಾಮಿನ ಕೆಲಸಕ್ಕೆ ಹೊರಟ ಗಂಡ, ಬೂಟಿನ ಲೇಸು ಕಟ್ಟುತ್ತ, ಮುಖ ಎತ್ತದೆ ಹೇಳಿದ್ದ, ಮನ್ಯಾಗ ಏನ್ ಮಾತಾಡ್ತೀರಿ ಅಂತ ಕೇಳ್ತಾರ ನೋಡು, ಇಂಗ್ಲಿಷ್ ಅಂತ ಹೇಳು, ಕನ್ನಡದ ಸುದ್ದಿನ ತೆಗಿಬ್ಯಾಡ, ಸುಮ್ಮನ ನಮ್ಮನ್ನ ಬ್ಯಾರೆ ಲೆಕ್ಕದಾಗ ಹಾಕ್ತಾರ. ರುದ್ರೇಶ ಕೆಟ್ಟವನಲ್ಲ, ಅವನಿಗೂ ಹೆದರಿಕೆ, ಹೆದರಿದಾಗ ಹೀಗೆ ನೆಲ ನೋಡಿಕೊಂಡು ಮಾತಾಡುತ್ತಾನೆ. ಆಗಲೇ ಇಲ್ಲಿ ಕೇಳಿದಾಗ ಅವಳೂ ಹಾಗೆಯೇ ಹೇಳಿದಳು, ಓನ್ಲಿ ಇಂಗ್ಲಿಷ್, ಹೆಲೆನ್ ಪೆನ್ನು ನಿಲ್ಲಿಸಿ ಒಂದು ಗಳಿಗೆ ಅವಳನ್ನೇ ನೋಡಿದಳು, ನಿಮ್ಮ ಅಮ್ಮನ ಭಾಷೆ, ಅದನ್ನು ಮಗುವಿನ ಜೊತೆ ಆಡುವುದಿಲ್ಲವಾ, ಇಲ್ಲ, ನೋ. ಸುಳ್ಳೇನಲ್ಲ, ಮಗಳ ಮುಂದೆ ಕನ್ನಡದ ಸೊಲ್ಲೆತ್ತದೆ ವರ್ಷದ ಮೇಲಾಯಿತು, ಆದರೂ ಸುಳ್ಳು ಹೇಳಿದವಳ ಹಾಗೆ ಕಿವಿ ಬಿಸಿಯಾಯಿತು, ಅದೂ ಹೆಲೆನ್‌ಗೆ ಕಂಡಿರಬಹುದು.

ವರ್ಷದ ಹಿಂದಿನ ಮಾತು, ವೆಂಬ್ಲಿಯ ಸಭಾಂಗಣದಲ್ಲಿ ದೀಪಾವಳಿ ಕೂಟ, ಚಿತ್ರಾನ್ನದ ತಟ್ಟೆ ಹಿಡಿದು ಪಕ್ಕದಲ್ಲಿ ಕೂತಿದ್ದ ಕುಂದಾಪುರದ ಜ್ಯೋತ್ಸ್ನಾ, ಹೇಳಿದ್ದು ಅವಳೇ, ಪ್ರೀತಿಯಿಂದಲೇ ಹೇಳಿದ್ದು, ಏನು ರೀ ನೀವು, ಮಗೂಗೆ ಒಂದೂವರೆ ಆಯ್ತು, ಇನ್ನೂ ಒಂದು ಪದ ಇಲ್ವಾ, ನಮ್ ಶ್ರವಣ್ ಹತ್ರ ಹುಟ್ಟಿದಾಗಿಂದ ಇಂಗ್ಲಿಷೇ ಕಣ್ರೀ, ಎರಡೆರಡು ಭಾಷೆ ಹಾಕಿದ್ರೆ ಮಕ್ಕಳ ತಲೆ ಕಲಸಿಹೋಗುತ್ತೆ. ಶ್ರವಣ್ ಆಗ ವೇದಿಕೆಯ ಮೇಲೆ ಪಟಪಟನೆ ಇಂಗ್ಲಿಷ್ ಪದ್ಯ ಹೇಳುತ್ತಿದ್ದ, ಸಭೆಯೇ ಚಪ್ಪಾಳೆ ತಟ್ಟಿತು, ರುದ್ರೇಶನ ಕಣ್ಣು ಅರಳಿದ್ದನ್ನು ಅವಳು ನೋಡಿದಳು, ರೈಲಿನಲ್ಲಿ ಮನೆಗೆ ಬರುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು, ಇವತ್ತಿಂದ ಮಗಳ ಮುಂದ ಕನ್ನಡ ಬಂದ್. ಮಾರನೆಯ ದಿನದಿಂದ ತಾನು ವಾರ್ತೆ ಓದುವವಳ ಹಾಗೆ ನಿಂತು, ದಿಸ್ ಈಸ್ ಸ್ಪೂನ್, ದಿಸ್ ಈಸ್ ರೆಡ್ ಸ್ಪೂನ್, ಆಮೇಲೆ ಏನು, ಚಮಚದ ಬಗ್ಗೆ ಇನ್ನೇನಿದೆ ಹೇಳುವುದಕ್ಕೆ, ವಿಜಾಪುರದ ಕನ್ನಡ ಸಾಲೆಯಲ್ಲಿ ಕಲಿತ ಇಂಗ್ಲಿಷು, ಪರೀಕ್ಷೆ ಪಾಸಾಗುವುದಕ್ಕೆ ಸಾಕಾಯಿತು, ಕೂಸನ್ನು ಮುದ್ದು ಮಾಡುವುದಕ್ಕೆ ಸಾಲದು. ಶನಿವಾರ ನೆತ್ತಿಗೆ ಎಣ್ಣೆ ತಟ್ಟುವಾಗ ಇಂಗ್ಲಿಷಿನಲ್ಲಿ ಏನನ್ನುತ್ತಾರೆ, ಯಾರನ್ನು ಕೇಳಬೇಕು, ಆಯಸ್ಸು ಹೆಚ್ಚಲಿ ನನ್ನ ಬಂಗಾರಿ ಎನ್ನಲು ಬಾಯಿಗೆ ಬಂದದ್ದು ಅಲ್ಲೇ ನಿಲ್ಲುತ್ತದೆ, ಸುಮ್ಮನೆ ತಟ್ಟುತ್ತಾಳೆ, ಸುಮ್ಮನೆ ನೀರು ಹಾಕುತ್ತಾಳೆ, ತಲೆ ಒರೆಸುತ್ತಾಳೆ, ಮಗಳೂ ಸುಮ್ಮನೆ ಒರೆಸಿಸಿಕೊಳ್ಳುತ್ತಾಳೆ. ಓಣಿಯಲ್ಲೆಲ್ಲ ಮಾತಿನ ಮಲ್ಲಿ ಎಂದು ಹೆಸರಾದವಳು ತಾನು, ಮದುವೆಯ ಮನೆಯಲ್ಲಿ ಹೆಂಗಸರನ್ನೆಲ್ಲ ಸುತ್ತ ಕೂರಿಸಿಕೊಂಡು ನಗಿಸಿದವಳು, ಈಗ ಹೇಸ್ ಎಂಬ ಈ ಊರಿನ ಬಾಡಿಗೆ ಮನೆಯಲ್ಲಿ ದಿನವಿಡೀ ಕೇಳುವುದು ವಾಷಿಂಗ್ ಮಷೀನಿನ ಸದ್ದು.

ವೆರಿ ಗುಡ್ ಸಾನ್ವಿ ಎಂದಳು ಹೆಲೆನ್, ಏನಾಯಿತು, ಮಾತಾಡಿದಳೇ, ಇಲ್ಲ, ಬಟ್ಟೆಯ ಚೀಲದೊಳಗೆ ಕೈ ಹಾಕಿ ಹಸುವನ್ನು ತೆಗೆದಳು ಅಷ್ಟೇ, ಹೆಲೆನ್ ನೆಲಕ್ಕೆ ಮೊಣಕಾಲೂರಿ ಮಗುವಿನ ಕಣ್ಣಿಗೆ ಕಣ್ಣು ಸಮವಾಗಿಟ್ಟು, ಹಸು, ಹಸು ಅಂಬಾ ಅನ್ನುತ್ತೆ ಎಂದು ತನ್ನ ಇಂಗ್ಲಿಷಿನಲ್ಲಿ ಕೂಗಿ ಕಾಯುತ್ತಾಳೆ, ವಾಟ್ ಈಸ್ ದಿಸ್ ಸಾನ್ವಿ, ಟೆಲ್, ಟೆಲ್ ಆಂಟಿ ಎಂದು ಶ್ರೀಲತಾಳ ಬಾಯಿಂದ ಬಂದೇ ಬಿಟ್ಟಿತು, ಹೆಲೆನ್ ತುಟಿಯ ಮೇಲೆ ಬೆರಳಿಟ್ಟಳು, ಪ್ರಶ್ನೆ ಬೇಡ ಮಮ್, ಕೇಳಬೇಡಿ, ಸುಮ್ಮನೆ ಜೊತೆಗಿರಿ. ಕೇಳದೆ ಹೇಗಿರುವುದು, ಎಲ್ಲರೂ ತನ್ನನ್ನು ಕೇಳುತ್ತಾರಲ್ಲ, ಎದುರುಮನೆಯವಳು ಕೇಳುತ್ತಾಳೆ, ಸೌತ್‌ಹಾಲಿನ ಹಿಟ್ಟಿನ ಅಂಗಡಿಯ ಮುದುಕ ಕೇಳುತ್ತಾನೆ, ವಿಜಾಪುರದಿಂದ ಅವ್ವ ನೀಲವ್ವ ವಾರ ವಾರ ಕೇಳುತ್ತಾಳೆ, ಈ ಭಾನುವಾರ ಅವ್ವನಿಗೆ ಏನು ಹೇಳಲಿ. ಭಾನುವಾರ ಟೀವಿ ಹಚ್ಚಿ ಮಗಳನ್ನು ಅದರ ಮುಂದೆ ಕೂರಿಸಿ, ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಫೋನು ಹಚ್ಚುತ್ತಾಳೆ, ಕನ್ನಡ ಮಗಳ ಕಿವಿಗೆ ಬೀಳಬಾರದು, ಆ ಗಾಜಿನ ಬಾಗಿಲಿಗೆ ಬೆನ್ನು ಮಾಡಿ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಜೋಳದ ಹಿಟ್ಟು ನಾದುತ್ತ ಪಿಸುಮಾತಿನಲ್ಲಿ ಆಡುತ್ತಾಳೆ, ವಾರದಲ್ಲಿ ಅವಳು ಬದುಕಿರುವುದು ಅಷ್ಟು ಹೊತ್ತೇ. ಕೂಸು ಮಾತಾಡ್ತೈತೇನ ಬೇ, ಎಂದು ಅವ್ವನ ಮೊದಲ ಮಾತು, ಇಲ್ಲ ಬೇ ಯವ್ವಾ, ಇನ್ನಾ ಇಲ್ಲ, ಆ ಕಡೆ ಅವ್ವ ನಿಟ್ಟುಸಿರು ಬಿಡುತ್ತಾಳೆ, ಬಜಿಬೇರು ತೇದು ಜೇನಿನಾಗ ನಾಲಿಗಿಗಿ ಹಚ್ಚು, ಹಚ್ಚೀನಿ ಬೇ, ಈ ಕಡೆ ಇವಳು ಮುಂಗೈಯಿಂದ ಮೂಗು ಒರೆಸಿಕೊಂಡು ಮತ್ತೆ ಹಿಟ್ಟಿಗೆ ಕೈ ಹಾಕುತ್ತಾಳೆ, ಬಾಗಿಲು ತೆಗೆದು ಹೊರಗೆ ಬಂದರೆ ಸಾನ್ವಿ ಟೀವಿಯ ಮುಂದೆ ಇರುವುದಿಲ್ಲ, ಬಾಗಿಲ ಹೊರಗೇ ಕೂತಿರುತ್ತಾಳೆ, ಹಸಿವೆಯೇನೋ ಎಂದು ಎತ್ತಿಕೊಂಡು ಬಾಳೆಹಣ್ಣು ಸುಲಿಯುತ್ತಾಳೆ.

ಬಾಟಲಿ ನೆಲಕ್ಕೆ ಉರುಳಿತು, ಸಾನ್ವಿ ಕೇಳಲೇ ಇಲ್ಲ, ಗುಳ್ಳೆಯೂ ಬೇಡ, ಹಸುವೂ ಬೇಡ, ಎದ್ದು ಹೊರಟುಬಿಟ್ಟಳು, ಮುಗಿಯಿತು, ಬಿಳಿ ವ್ಯಾನೇ ಗತಿ ಎಂದುಕೊಂಡಳು ಶ್ರೀಲತಾ, ಹೆಲೆನ್ ಮಾತ್ರ ಹೋಗಲಿ ಬಿಡಿ, ಎಲ್ಲಿಗೆ ಹೋಗುತ್ತಾಳೋ ನೋಡೋಣ ಎಂಬಂತೆ ಕೈ ಮಾಡಿದಳು. ಮೂಲೆಯಲ್ಲಿ ಮಕ್ಕಳು ಆಡುವ ಮರದ ಮನೆ, ಮೊಣಕಾಲೆತ್ತರದ ಬಾಗಿಲು, ಪಕ್ಕಕ್ಕೊಂದು ಬೋಳು ಕಿಟಕಿ, ಒಳಗೆ ಪುಟ್ಟ ಒಲೆ, ಪಾತ್ರೆ, ಗೋಡೆಗೆ ನೇತುಹಾಕಿದ ಕೆಂಪು ಆಟಿಕೆ ಫೋನು. ಸಾನ್ವಿ ಒಳಗೆ ಹೋಗಿ ತಿರುಗಿ ಇಬ್ಬರನ್ನೂ ನೋಡಿದಳು, ಹೊರಗೇ ಇರಿ ಎನ್ನುವ ನೋಟ, ಆಮೇಲೆ ಬಾಗಿಲು ಎಳೆದುಕೊಂಡಳು, ಅದು ಪೂರಾ ಮುಚ್ಚದೆ ಬಿರುಕು ಬಿಟ್ಟಾಗ ಮತ್ತೆ ತೆರೆದು ಮತ್ತೆ ಎಳೆದು ಸರಿಯಾಗಿ ಮುಚ್ಚಿದಳು, ಇಷ್ಟು ಜಾಗ್ರತೆ ಈ ಮಗುವಿಗೆ ಯಾರು ಕಲಿಸಿದರು. ಕಿಟಕಿಯಲ್ಲಿ ನೀಲಿ ಸ್ವೆಟರಿನ ಬೆನ್ನು ಕಾಣುತ್ತಿದೆ, ಒಂದು ಹೆಗಲು ಮೇಲಕ್ಕೆದ್ದಿದೆ, ಫೋನು ಅಲ್ಲಿ ಸಿಕ್ಕಿಕೊಂಡಿದೆ, ಕತ್ತು ಅದರ ಮೇಲೆ ವಾಲಿದೆ, ಎರಡೂ ಕೈ ಪುಟ್ಟ ಪಾತ್ರೆಯೊಳಗೆ, ನಾದುತ್ತಿವೆ, ಬರಿಯ ಪಾತ್ರೆ, ಹಿಟ್ಟಿಲ್ಲ, ನೀರಿಲ್ಲ, ಅಂಗೈ ಒತ್ತಿ ಒತ್ತಿ ನಾದುತ್ತಿದ್ದಾಳೆ, ನಗು ಬರಬೇಕಿತ್ತು ಶ್ರೀಲತಾಳಿಗೆ, ಬರಲಿಲ್ಲ.

ಮೊದಲು ಬರಿ ಉಸಿರೆಂದುಕೊಂಡಳು, ನೆಗಡಿಯಾಗಿದೆಯಲ್ಲ, ಉಸಿರಲ್ಲ, ದನಿ, ಪಿಸುಮಾತು, ಗೋಡೆಯ ಕಡೆಗೆ ಮುಖ ಮಾಡಿಕೊಂಡು ಯಾರಿಗೋ ಹೇಳುತ್ತಿರುವ ಹಾಗೆ, ಇಲ್ಲ ಬೇ ಯವ್ವಾ. ಆ ಕಡೆಯವರ ಮಾತು ಕೇಳಿಸಿಕೊಳ್ಳುವಷ್ಟು ಹೊತ್ತು ಸುಮ್ಮನಾದಳು, ತಲೆಯಾಡಿಸಿದಳು, ಮುಂಗೈಯಿಂದ ಮೂಗು ಒರೆಸಿಕೊಂಡಳು. ಇನ್ನಾ ಇಲ್ಲ. ಹೆಲೆನ್ ಪೆನ್ನು ಕೆಳಗಿಟ್ಟು ತೆವಳಿಕೊಂಡೇ ಅವಳ ಹತ್ತಿರ ಬಂದಳು, ಮುಖವೆಲ್ಲ ಬೆಳಗಿದೆ, ಮಮ್, ಅದು ಮಾತಲ್ಲವಾ, ಅದು ಬರೀ ಸದ್ದಲ್ಲ, ಯಾವ ಭಾಷೆ ಅದು, ಏನನ್ನುತ್ತಿದ್ದಾಳೆ ಮಗು, ಹೇಳಿ ಮಮ್, ಈಗ ನೀವು ಮಾತಾಡಬಹುದು. ಹೇಳಬೇಕು, ಹೇಳಲೇಬೇಕು, ಮಗಳಿಗೆ ಮಾತು ಬರುತ್ತದೆ, ಮಾತು ಬಂದಿದೆ, ಕುಣಿಯಬೇಕು ತಾನು, ಎದ್ದು ಹೋಗಿ ಆ ಬಾಗಿಲು ತೆಗೆದು ಎತ್ತಿಕೊಂಡು ಕನ್ನಡದಲ್ಲೇ ಕೂಗಬೇಕು, ಆದರೆ ಮಾತೆಂದರೆ ಹೀಗೆ ಎಂದು ತಿಳಿದುಕೊಂಡಿದೆ ಮಗು, ಬಾಗಿಲು ಹಾಕಿಕೊಂಡು, ಯಾರಿಗೂ ಕೇಳದ ಹಾಗೆ, ಮೆಲ್ಲಗೆ, ಒಬ್ಬಳೇ, ತಾನು ನೋಡುತ್ತಿದ್ದೇನೆ ಎಂದು ತಿಳಿದರೆ ನಿಲ್ಲಿಸಿಬಿಡುತ್ತಾಳೆ, ಹಿಂದಕ್ಕೆ ತಿರುಗಬೇಡ ನನ್ನವ್ವ, ಇಲ್ಲ, ತಿರುಗು, ಒಂದು ಸಲ ತಿರುಗು — ಕಿಟಕಿಯಲ್ಲಿ ಆ ಬೆನ್ನು, ಮೇಲಕ್ಕೆದ್ದ ಆ ಒಂದು ಹೆಗಲು, ಮುಚ್ಚಿದ ಬಾಗಿಲು, ಆ ಬೆನ್ನು